ಸಾಸಿವೆಯಷ್ಟು ಬಣ್ಣ ಎಬ್ಬಿಸುವ ಬಹೀಜಾ

ಬೆಳಗಿನ ಬಾಂಗು ಮುಗಿದು ಸ್ವಲ್ಪ ಹೊತ್ತಾಗಿದೆ. ಫೆಸ್ ಊರಿನ ಹಳೆಯ ಮದರಸಾದಲ್ಲಿ, ಅಟ್ಟಣಿಗೆಯ ತುದಿಯ ಹಲಗೆಯ ಮೇಲೆ ಬಹೀಜಾ ಅಂಗಾತ ಮಲಗಿದ್ದಾರೆ. ಮೂಗಿನಿಂದ ಗೇಣು ಮೇಲಕ್ಕೆ ದೇವದಾರು ಮರದ ಚಾವಣಿ. ನೂರಾರು ವರ್ಷಗಳಿಂದ ಒಬ್ಬರ ಮೇಲೊಬ್ಬರು ಬಳಿದ ಬಳ್ಳಿ, ಹೂವು, ನಕ್ಷತ್ರ. ಉಸಿರು ಬಿಗಿಹಿಡಿದು, ಸಣ್ಣ ಅಲಗಿನಿಂದ ಸಾಸಿವೆ ಕಾಳಿನಷ್ಟು ಬಣ್ಣ ಎಬ್ಬಿಸಿ ಗಾಜಿನ ಡಬ್ಬಿಗಿಳಿಸುತ್ತಾರೆ. "ಒಂದು ಸೀನು ಬಂದ್ರೆ ಸಾಕು, ಒಂದು ಶತಮಾನ ಹಾರಿಹೋಗುತ್ತೆ" ಎಂದು ಕೆಳಗಿಳಿದ ಮೇಲೆ ನಗುತ್ತಾರೆ.

ಚಾವಣಿ ನೋಡಲು ಬಂದವರು ಕತ್ತು ನೋಯುವ ತನಕ ಮೇಲೆ ನೋಡುತ್ತಾರೆ. ಈ ಹೆಂಗಸಿನ ಕಡೆ ಒಬ್ಬರೂ ತಿರುಗುವುದಿಲ್ಲ. ಈ ಓಣಿಯಲ್ಲೇ ಬಾಳುತ್ತಿರುವ ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತದೆ.

ಚಾವಣಿಯ ದುರಸ್ತಿಗಾಗಿ ಬಣ್ಣ ಪರೀಕ್ಷಿಸುವುದು ಬಹೀಜಾರ ಕೆಲಸ. ಪ್ರಯೋಗಾಲಯದಲ್ಲಿ ಬಣ್ಣದ ಚೂರನ್ನು ರಾಳದಲ್ಲಿ ಹುದುಗಿಸಿ, ಉಜ್ಜಿ ನುಣುಪು ಮಾಡಿ, ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಪದರಗಳು ಒಂದೊಂದಾಗಿ ಕಾಣುತ್ತವೆ, ಬಣ್ಣವನ್ನು ಯಾವುದರಲ್ಲಿ ಕಲಸಿದ್ದೆಂದು ಪರೀಕ್ಷೆಯಲ್ಲಿ ತಿಳಿಯುತ್ತದೆ. ಈ ಚಾವಣಿಯ ಹಳಬರು ಬಣ್ಣವನ್ನು ಮೊಟ್ಟೆಯ ಹಳದಿಯಲ್ಲಿ ಕಲಸಿದ್ದರು, ಈಚಿನವರು ತೊಗಲಿನ ಅಂಟಿನಲ್ಲಿ. ಹಳೆಯದಾದರೆ ಉಳಿಯುತ್ತದೆ. ಈಚಿನದಾದರೆ ದುರಸ್ತಿ ಸಮಿತಿ ಅದನ್ನು ತೆಗೆಸಿ ಕೆಳಗಿನದನ್ನು ಹೊರತರುತ್ತದೆ.

ಉತ್ತರದ ಮೂಲೆಯ ಕೆಂಪು ಹೂಗಳು ತನ್ನವು ಎಂದು ಬಹೀಜಾರ ತಂದೆ ಅಲ್ಲಾಲ್ ಮೊದಲಿನಿಂದ ಹೇಳುತ್ತ ಬಂದಿದ್ದರು. ಅವರು ಮರದ ಮೇಲೆ ಬಣ್ಣದ ಚಿತ್ರ ಬರೆಯುವ ಕಸುಬಿನವರು, ಹರೆಯದಲ್ಲಿ ಗುರುವಿನ ಜೊತೆ ಅಲ್ಲಿ ದುಡಿದವರು. ಆದರೆ ಹೋದ ಚಳಿಗಾಲ ಮಗಳೇ ಮಾಡಿದ ಪರೀಕ್ಷೆಯಲ್ಲಿ ಆ ಹೂಗಳ ಬಣ್ಣದಲ್ಲಿ ಮೊಟ್ಟೆ ಸಿಕ್ಕಿತು. ಹಾಗಾದರೆ ಹೂಗಳು ಪುರಾತನ! ಸಮಿತಿಗೆ ಖುಷಿಯೋ ಖುಷಿ. ಚಹಾದಂಗಡಿಯಲ್ಲಿ ಮಾತ್ರ ಅಲ್ಲಾಲರಿಗೆ ಅರಳುಮರಳು ಎಂದು ನಗೆಯಾಡಿದರು. ಅಲ್ಲಾಲ್ ಅಲ್ಲಿಗೆ ಹೋಗುವುದನ್ನೇ ಬಿಟ್ಟರು.

ಮಗಳಿಗೆ ನಿದ್ದೆ ಹತ್ತಲಿಲ್ಲ. ಹೂವಿನ ಚೂರು ತೆಗೆದ ಬೆಳಿಗ್ಗೆ ನೆನಪಾಯಿತು. ಆವತ್ತು ಕೊರೆಯುವ ಚಳಿ. ಅಟ್ಟಣಿಗೆಯ ಮೇಲೆ ಎಲ್ಲರೂ ಬೇಯಿಸಿದ ಮೊಟ್ಟೆಯನ್ನು ಜೀರಿಗೆ, ಉಪ್ಪಿನಲ್ಲಿ ಅದ್ದಿ ತಿನ್ನುವುದು ಇಲ್ಲಿಯ ವಾಡಿಕೆ. ಬಹೀಜಾ ಕೈ ಮರಗಟ್ಟುತ್ತದೆಂದು ಕೈಗವಸು ತೆಗೆಯದೆಯೇ ಮೊಟ್ಟೆ ಸುಲಿದಿದ್ದರು, ಅದೇ ಕೈಯಲ್ಲಿ ಹೂವಿನ ಚೂರು ಎತ್ತಿದ್ದರು.

ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಅಪ್ಪನ ಹೂಗಳು ಚಾವಣಿಯಲ್ಲೇ ಉಳಿಯುತ್ತಿದ್ದವು, ಬೇರೆ ಯಾರದೋ ಆಗಿ. ಹೇಳಿದರೆ ಅಪ್ಪನ ಮಾತು ಉಳಿಯುತ್ತಿತ್ತು, ಹೂಗಳು ಹೋಗುತ್ತಿದ್ದವು. ಯಾವ ಮಗಳಿಗೂ ಇಂಥ ಇಕ್ಕಟ್ಟು ಬೇಡ.

ಬಹೀಜಾ ಹೇಳಿದರು. ಸಮಿತಿಯ ಹಿರಿಯರೊಬ್ಬರು, ಪ್ರಯೋಗಾಲಯವನ್ನೂ ಅಡುಗೆಮನೆ ಮಾಡಿಕೊಂಡಿದ್ದೀಯೇನಮ್ಮ ಎಂದು ಎಲ್ಲರೆದುರೇ ಚುಚ್ಚಿದರಂತೆ. ತಲೆತಗ್ಗಿಸಿ ಕೇಳಿಸಿಕೊಂಡು, ಹೊಸ ಕೈಗವಸಿನಲ್ಲಿ ಹೊಸ ಚೂರು ತೆಗೆದರು. ಮೊಟ್ಟೆಯ ಸುಳಿವಿಲ್ಲ. ಬರೀ ತೊಗಲಿನ ಅಂಟು.

ಸುದ್ದಿ ಕೇಳಿ ಅಲ್ಲಾಲ್ ಮೊದಲು ನಕ್ಕರಂತೆ. "ಈಗಲಾದ್ರೂ ನನ್ನವು ಅಂತ ಒಪ್ಪಿದ್ರಲ್ಲ ಮಗಳೇ. ತೆಗೀಲಿ ಬಿಡು. ಕೆಳಗಿನ ಪದರ ಬರೆದೋರು ನಮಗಿಂತ ದೊಡ್ಡೋರು, ಅವರು ಬೆಳಕು ಕಾಣ್ಲಿ" ಅಂದರಂತೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಊಟಕ್ಕೆ ಏಳಲಿಲ್ಲ.

ಈದ್ ಕಳೆದ ಮೇಲೆ ಹೂಗಳನ್ನು ತೆಗೆಯುವ ಕೆಲಸ ಶುರುವಾಗುತ್ತದೆ. ನಿಮಗೇನು ಆಸೆ ಎಂದು ಕೇಳುತ್ತೇನೆ. ಬಹೀಜಾ ಚಹಾದ ಲೋಟವನ್ನು ಕೆಳಗಿಟ್ಟು ಹೇಳುತ್ತಾರೆ:

"ಒಂದೇ ಒಂದು ಹೂ ಬಿಟ್ರೆ ಸಾಕು. ಇಲ್ಲೊಬ್ಬ ಅಲ್ಲಾಲ್ ಇದ್ದ ಅಂತ ಗೊತ್ತಾಗ್ಲಿ. ಆದ್ರೆ ತಪ್ಪು ಮಾಡಿದ ಕೈ ನಂದು, ಮಗಳೂ ನಾನೇ. ಸಮಿತಿಯೋರನ್ನ ನಾನು ಯಾವ ಬಾಯಲ್ಲಿ ಕೇಳ್ಲಿ?"