ಕೋದಂಡರಾಮನ ದಾರಿಯ ಮೂರು ಕಲ್ಲಿನ ಮನೆ

ಬೆಳಗ್ಗೆ ಐದಕ್ಕೆ ಎದ್ದೆ. ನಳ ಬರುವ ದಿನ, ಎರಡು ಡ್ರಮ್ಮು ಮೂರು ಕೊಡ ತುಂಬಿದೆ. ಬಾಗಿಲಿಗೆ ನೀರು ಹಾಕಿದೆ. ಹನ್ನೆರಡು ರೊಟ್ಟಿ ಬಡಿದೆ, ಹೆಸರುಕಾಳು ಪಲ್ಯ ಮಾಡಿದೆ, ಶೇಂಗಾ ಚಟ್ನಿ ಕುಟ್ಟಿದೆ. ಸಂಡೂರಿನ ಗಣಿ ಕೆಲಸಕ್ಕೆ ಹೋಗುವ ನಮ್ಮ ಯಜಮಾನರಿಗೆ ಡಬ್ಬಿ ಕಟ್ಟಿ ಕಳಿಸಿದೆ. ಬೆಕ್ಕು ಮುಟ್ಟದ ಹಾಗೆ ಮೊಸರಿನ ಗಡಿಗೆ ಮುಚ್ಚಿ ಮೇಲೆ ಕುಟ್ಟಾಣಿ ಇಟ್ಟೆ. ಏಳೂವರೆಗೆ ಓನರ್ ಅಕ್ಕನ ಜೊತೆ ಹಂಪಿ ಬಸ್ಸು ಹತ್ತಿದೆ.

ಹೊಸಪೇಟೆಯ ಈ ಮನೆಯಲ್ಲಿ ನಾವು ಬಾಡಿಗೆಗೆ ಬಂದು ಒಂಬತ್ತು ವರ್ಷ. ಮುಂದಿನ ಅರ್ಧ ಅಕ್ಕನದು, ಹಿಂದಿನ ಅರ್ಧ ನಮ್ಮದು, ನಡುವೆ ಒಂದು ಗೋಡೆ. ಅಕ್ಕನ ಗೊರಕೆ ಆ ಗೋಡೆಯನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ತಾನು ಗೊರಕೆಯನ್ನೇ ಹೊಡೆಯುವುದಿಲ್ಲ ಎಂಬುದು ಅಕ್ಕನ ವಾದ. ಅವರ ಯಜಮಾನರು ಟಿವಿಯಲ್ಲಿ ಸುದ್ದಿ ಓದುವವರಿಗೆ ಉತ್ತರ ಕೊಡುತ್ತಾರೆ, ಅಕ್ಕನಿಗೆ ಕೊಡುವುದಿಲ್ಲ. ಹಾಗಾಗಿ ಸಂಜೆಯ ಚಹಾ ಅಕ್ಕ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತೇ ಕುಡಿಯಬೇಕು.

ಅಕ್ಕನ ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದ ಮೇಲೆ ತಿಂಗಳಿಗೊಂದು ಜಾಗ ನೋಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಅನಂತಶಯನ ಗುಡಿ ಆಯಿತು. ಸಂಡೂರಿನ ಕುಮಾರಸ್ವಾಮಿ ಬೆಟ್ಟ ಆಯಿತು. ಈ ತಿಂಗಳು ಹಂಪಿ, ಮುಂದಿನ ತಿಂಗಳು ಕಂಪ್ಲಿ. ಅಕ್ಕ ಕಂಪ್ಲಿಯ ಮಗಳು. ಎಲ್ಲಿ ಏನು ನೋಡಿದರೂ ಅದು ಮೊದಲು ಕಂಪ್ಲಿಯಲ್ಲಿತ್ತು.

ಹಂಪಿಯ ಬಜಾರು ದಾಟಿ, ಎದುರು ಬಸವಣ್ಣನಿಗೆ ಕೈಮುಗಿದು, ಹೊಳೆ ದಂಡೆಯ ದಾರಿ ಹಿಡಿದೆವು.

"ಹೊಳಿ ನೋಡ್ರಿ ಅಕ್ಕಾ, ಹೆಂಗ ಹರಿಯಾಕತ್ತೈತಿ," ಎಂದೆ.

"ಇಲ್ಲಿಂದ ಹರಕೊಂಡು ಎಲ್ಲಿಗೆ ಹೋಗ್ತೈತಿ? ಕಂಪ್ಲಿಗೇ. ನಮ್ಮ ಕೋಟೆ ನೋಡಾಕ ಹೊಂಟೈತಿ ಅದು."

"ಮೊದಲು ಹಂಪಿ ನೋಡಿ ಆಮ್ಯಾಲಲ್ಲ ಹೊಂಟಿದ್ದು?"

"ಲೇ ಬಂಡ್ರಿ, ಸುಮ್ನ ನಡಿ. ನಿಮ್ಮೂರಾಗ ಹೊಳಿನ ಇಲ್ಲ."

ನನ್ನ ತವರು ಸಂಡೂರು ತಾಲ್ಲೂಕಿನ ಬಂಡ್ರಿ. ಸಿಟ್ಟು ಬಂದರೂ ಪ್ರೀತಿ ಬಂದರೂ ಅಕ್ಕನಿಗೆ ನಾನು ಬಂಡ್ರಿಯೇ.

ಕೋದಂಡರಾಮನ ಗುಡಿ ದಾಟಿ ವಿಠ್ಠಲನ ಗುಡಿಯ ಕಡೆ ಹೋಗುವಾಗ ಬಂಡೆಗಳ ಮೇಲೆ ಜನ ಸಣ್ಣ ಸಣ್ಣ ಕಲ್ಲು ಜೋಡಿಸಿರುತ್ತಾರೆ. ಸ್ವಂತ ಮನೆ ಆಗಲಿ ಎಂದು ಬೇಡಿಕೊಂಡು ಇಡುವ ಕಲ್ಲುಗಳು. ಎರಡು ಕಲ್ಲು ಗೋಡೆಗೆ, ಮೇಲೊಂದು ಚಪ್ಪಟೆ ಕಲ್ಲು ಛತ್ತಿಗೆ. ಇನ್ನೊಬ್ಬರ ಮನೆಯ ಕಲ್ಲು ಮುಟ್ಟಬಾರದು. ಮುಟ್ಟಿದರೆ ಅವರ ಮನೆ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ ಎನ್ನುತ್ತಾರೆ.

ನಮ್ಮದೊಂದು ಸೈಟಿದೆ, ಊರ ಹೊರಗೆ. ಜಾಲಿಗಿಡ ಚೆನ್ನಾಗಿ ಬೆಳೆದಿವೆ. ದೀಪಾವಳಿ ಬಂದಾಗೆಲ್ಲ ನಮ್ಮ ಯಜಮಾನರು ಮುಂದಿನ ದೀಪಾವಳಿಗೆ ಎನ್ನುತ್ತಾರೆ. ಪೂರ್ವಕ್ಕೆ ಕಿಟಕಿ ಇರುವ ಅಡುಗೆಮನೆಯೊಂದು ನನ್ನ ತಲೆಯೊಳಗೆ ಪೂರ್ತಿ ಕಟ್ಟಿ ಮುಗಿದು, ಸುಣ್ಣ ಬಳಿದು, ಒಗ್ಗರಣೆ ಹೊಗೆಗೆ ಒಂದು ಮೂಲೆ ಕಪ್ಪೂ ಆಗಿದೆ. ನನಗೂ ಮೂರು ಕಲ್ಲು ಇಡಬೇಕಿತ್ತು. ಆದರೆ ಅಕ್ಕನ ಕಣ್ಣೆದುರು ಹೇಗೆ? ಸೈಟಿನ, ಆ ಅಡುಗೆಮನೆಯ ಮಾತೆತ್ತಿದ ವಾರವೆಲ್ಲ ನಮ್ಮ ಟ್ಯಾಂಕಿಗೆ ನೀರು ತಡವಾಗಿ ಏರುತ್ತದೆ. ಮೋಟಾರಿನ ಸ್ವಿಚ್ಚು ಅವರ ಪಡಸಾಲೆಯಲ್ಲಿದೆ.

"ಅಕ್ಕಾ, ಇಲ್ಲೇ ಕುಂದ್ರಿ. ನಾ ಆ ಬಂಡೆ ಹಿಂದ ಹೋಗಿ ಬರ್ತೀನಿ," ಎಂದು ಕಿರುಬೆರಳು ತೋರಿಸಿದೆ.

"ಜಲ್ದಿ ಬಾ. ಮಂಗ್ಯಾ ಅದಾವು."

ಬಂಡೆಯ ಹಿಂದೆ ಕೂತು ಎರಡು ಕಲ್ಲು ನಿಲ್ಲಿಸಿದೆ. ಕೆಂಪು ಗೆರೆಯ ಚಪ್ಪಟೆ ಕಲ್ಲೊಂದು ಸಿಕ್ಕಿತು, ಅಂಗೈಗಿಂತ ತುಸು ದೊಡ್ಡದು. ಅದೇ ಛತ್ತು. ಪೂರ್ವಕ್ಕೆ ಅಡುಗೆಮನೆಯೆಂದು ಒಂದು ಪುಟ್ಟ ಕಲ್ಲೂ ಒತ್ತಿದೆ. ದೇವರಿಗೆ ವಾಸ್ತುವನ್ನೂ ನಾವೇ ಹೇಳಿಬಿಡುವುದು ಒಳ್ಳೆಯದು.

ಬಂದಾಗ ಅಕ್ಕ ನನ್ನ ಕೈ ನೋಡಿದರು.

"ಮಣ್ಣು ಯಾಕ ಹತ್ತೈತಿ?"

"ಜಾರಿದೆ."

"ಎರಡೂ ಕೈ ಜಾರಿದ್ವೇನು?"

ನಾನು ನೀರಿನ ಬಾಟಲಿ ಕೊಟ್ಟೆ. ಅವರು ಕುಡಿದರು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ವಿಠ್ಠಲನ ಗುಡಿ, ಕಲ್ಲಿನ ರಥ, ರಾಜನ ತಕ್ಕಡಿ ಎಲ್ಲ ನೋಡಿದೆವು. ತಕ್ಕಡಿಯ ಕಲ್ಲುಕಂಬದ ಕೆಳಗೆ ಅಕ್ಕ, "ನನ್ನ ತೂಗಿದ್ರ ಇದು ಮುರೀತಿತ್ತು," ಎಂದು ತಮ್ಮನ್ನೇ ಆಡಿಕೊಂಡರು. ಬೇವಿನ ನೆರಳಲ್ಲಿ ರೊಟ್ಟಿ ತಿಂದೆವು. ಕಮಲಾಪುರದಾಕೆ ಒಬ್ಬಳು ಬುಟ್ಟಿಯಲ್ಲಿ ತಂದಿದ್ದ ಬಾಳೆಹಣ್ಣು ಕೊಂಡೆವು. ಮೂರು ನಮಗೆ, ಉಳಿದದ್ದನ್ನು ಮಂಗ ಕೇಳದೆಯೇ ತೆಗೆದುಕೊಂಡಿತು.

ವಾಪಸ್ ಬರುವಾಗ ಸರಿಯಾಗಿ ಅದೇ ಜಾಗದಲ್ಲಿ ಅಕ್ಕ ನಿಂತರು.

"ಈಗ ನಂದು. ನೀ ಇಲ್ಲೇ ಕುಂದ್ರು," ಎಂದು ಕಿರುಬೆರಳು ತೋರಿಸಿ ಆ ಬಂಡೆಯ ಹಿಂದಕ್ಕೇ ಹೋದರು. ಕೈಚೀಲವನ್ನೂ ಒಯ್ದರು. ಬರುವಾಗ ಮುಖ ಬಲು ಪ್ರಸನ್ನವಾಗಿತ್ತು.

ನನಗೆ ಅನುಮಾನ ಬಂತು. "ಸೆರಗಿನ ಪಿನ್ನು ಅಲ್ಲೇ ಬಿದ್ದೈತಿ," ಎಂದು ಓಡಿದೆ. ಗೋಡೆ ಎರಡೂ ನಿಂತಿದ್ದವು. ಅಡುಗೆಮನೆ ಇತ್ತು. ಛತ್ತು ಇರಲಿಲ್ಲ.

ಮಂಗ ಎಂದುಕೊಂಡೆ. ಆದರೆ ಮಂಗ ಗೋಡೆಗೆ ಉಗುರೂ ತಾಗಿಸದೆ ಛತ್ತು ಮಾತ್ರ ಇಳಿಸುವುದಿಲ್ಲ, ಅಂಥ ಕೆಲಸಕ್ಕೆ ಮೇಸ್ತ್ರಿ ಬೇಕು. ಸುತ್ತ ಹುಡುಕಿದೆ. ಚಪ್ಪಟೆ ಕಲ್ಲೆಲ್ಲ ಬೇರೆಯವರ ಮನೆಗಳ ಮೇಲೇ ಇದ್ದವು. ಯಾರೋ ಪುಣ್ಯಾತ್ಮರು ಮೂರು ಅಂತಸ್ತು ಕಟ್ಟಿದ್ದರು. ಮೇಲಿನದೊಂದು ಹೋದರೆ ಅವರಿಗೇನು ಕಡಿಮೆ ಎನ್ನಿಸಿ ಎತ್ತಿಯೂ ಎತ್ತಿದೆ. ಆಮೇಲೆ, ಅವರಿಗೆ ಮೂರು ಜನ ಗಂಡುಮಕ್ಕಳಿದ್ದು ಮೂರನೆಯವನು ಬೀದಿಗೆ ಬಿದ್ದರೆ ಎನ್ನಿಸಿ, ಇದ್ದ ಹಾಗೆಯೇ ಇಟ್ಟು ಕೆನ್ನೆ ಬಡಿದುಕೊಂಡೆ.

"ಪಿನ್ನು ಸಿಕ್ತೇನು?" ಎಂದು ಅಕ್ಕ ಕೂಗಿದರು. "ಬಸ್ಸು ಹೋಗ್ತೈತಿ."

ಬಸ್ಸಿನಲ್ಲಿ ಕಂಡಕ್ಟರು ದಾರಿಗೆ ಅಡ್ಡವಿದ್ದ ಅಕ್ಕನ ಚೀಲವನ್ನು ಸರಿಸಲು ಹೋಗಿ, "ಏನ್ರಿ ಅಮ್ಮಾರ, ಇದ್ರಾಗ ಕಲ್ಲು ತುಂಬೀರೇನು?" ಎಂದ.

"ಹೌದಪ್ಪ, ಕಲ್ಲೈತಿ," ಎಂದರು ಅಕ್ಕ. ಅವನು ನಗುತ್ತಾ ಮುಂದೆ ಹೋದ. ನಾನು ನಗಲಿಲ್ಲ.

ಕಡ್ಡಿರಾಂಪುರ ದಾಟಿದ ಮೇಲೆ ಮೆಲ್ಲಗೆ ಕೇಳಿದೆ. "ಕೆಂಪು ಗೆರಿದೇನ್ರಿ?"

"ಹೂಂ. ಮಸ್ತ್ ಕಲ್ಲು. ಆರಿಸಿ ಇಟ್ಟಿದ್ದಿ."

"ಒಬ್ಬರ ಮನಿ ಕೆಡವಬಾರದು ಅಕ್ಕಾ."

"ನಾ ಎಲ್ಲಿ ಕೆಡವೀನಿ? ಗ್ವಾಡಿ ಮುಟ್ಟಿಲ್ಲ. ಅಡಿಗಿಮನಿ ಮುಟ್ಟಿಲ್ಲ. ಛತ್ತು ಅಷ್ಟ ತೆಗದೀನಿ. ಮನಿ ಆಗ್ಲಿ ನಿಂದು, ಬ್ಯಾಡ ಅನ್ನಲ್ಲ. ಒಂದೆರಡು ವರ್ಷ ತಡಾ ಆಗ್ಲಿ."

"ಛತ್ತಿಲ್ಲದ ಮನ್ಯಾಗ ಮಳಿ ಬಂದ್ರ?"

"ಬಂದ್ರ ನಮ್ಮನಿ ಐತಲ್ಲ," ಎಂದು ಅಕ್ಕ ಕಿಟಕಿಯ ಕಡೆ ತಿರುಗಿದರು. ಆಮೇಲೆ ಕಿಟಕಿಗೇ ಹೇಳಿದರು: "ನೀ ಹೋದ್ರ ಸಂಜಿ ಚಾ ಯಾರ ಹೊಸ್ತಿಲ ಮ್ಯಾಲ ಕುಡೀಲಿ? ನಮ್ಮವರು ಟಿವಿ ಬಿಟ್ಟು ಏಳೂದಿಲ್ಲ."

ಬೈಯಲು ಬಂಡೆಯ ಹಿಂದಿನಿಂದ ಕೂಡಿಟ್ಟುಕೊಂಡು ಬಂದ ಮಾತುಗಳೆಲ್ಲ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೆ ಎಲ್ಲೋ ಉದುರಿ ಹೋಗಿದ್ದವು.

ಸಂಜೆ ಹೇಳದೆ ಕೇಳದೆ ಮೋಟಾರು ಹಾಕಿದ ಸದ್ದು ಬಂತು. ಟ್ಯಾಂಕು ತುಂಬಿ ಹರಿಯಿತು. ಏಳು ಗಂಟೆಗೆ ಅಕ್ಕ ಒಂದು ಕೈಯಲ್ಲಿ ಮಂಡಕ್ಕಿ ಒಗ್ಗರಣಿಯ ಡಬರಿ, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದು ಬಂದು ಹೊಸ್ತಿಲ ಮೇಲೆ ಕೂತರು.

"ತಗೋ ನಿನ್ನ ಛತ್ತು. ಮನ್ಯಾಗ ಇಟ್ಕೊಂಡ್ರ ಜೀವ ಕಡೀತೈತಿ. ಮುಂದಿನ ತಿಂಗಳು ಕಂಪ್ಲಿ ಬ್ಯಾಡ, ಹಂಪಿಗೇ ಹೋಗಿ ನಾನ ಮುಚ್ಚಿ ಬರ್ತೀನಿ."

"ಖರೇನಾ?"

"ಖರೇ. ಆದ್ರ ಆ ಅಡಿಗಿಮನಿ ಹೊಸ್ತಿಲು ಅಗಲ ಇಡ್ಸು. ಈಗಿಂದು ನನಗ ಸಾಲೂದಿಲ್ಲ."

ಅಷ್ಟರಲ್ಲಿ ನಮ್ಮ ಯಜಮಾನರು ಗಣಿಯ ಕೆಂಪು ಧೂಳಿನ ಸಮೇತ ಬಂದರು. ಕಲ್ಲು ನೋಡಿ, "ಹಂಪ್ಯಾಗಿಂದ ತಂದೀರಾ? ಅಲ್ಲಿ ಕಲ್ಲು ಎತ್ತಿದ್ರ ಕೇಸ್ ಆಗ್ತೈತಿ," ಎಂದು ಹೆದರಿಸಿದರು.

"ದಿನಾ ಗುಡ್ಡಾನ ಲಾರಿಗೆ ಹಾಕೋರು ನೀವು, ನಮಗ ಹೇಳ್ತೀರಿ," ಎಂದರು ಅಕ್ಕ. ಯಜಮಾನರು ಕೈಕಾಲು ತೊಳೆಯಲು ಹೋದರು.

ಮೊಸರಿನ ಗಡಿಗೆಯ ಮೇಲಿದ್ದ ಕುಟ್ಟಾಣಿ ತೆಗೆದು ಆ ಕಲ್ಲು ಇಟ್ಟೆ. ಸರಿಯಾಗಿ ಕೂತಿತು. ಊಟಕ್ಕೆ ಬೆಳಗಿನ ರೊಟ್ಟಿ, ಉಳಿದ ಪಲ್ಯ, ಮೊಸರು, ಅಕ್ಕನ ಮಂಡಕ್ಕಿ ಒಗ್ಗರಣಿ, ಯಜಮಾನರು ತಂದ ನಾಲ್ಕು ಮಿರ್ಚಿ. ಎರಡು ಮಿರ್ಚಿ ಅಕ್ಕನೇ ತಿಂದರು, ಡಾಕ್ಟರಿಗೆ ಹೇಳಬಾರದೆಂದರು.

ಮೊದಲು ಮಲಗಿದವರು ಅಕ್ಕ. ಒಂಬತ್ತಕ್ಕೆಲ್ಲ ಗೋಡೆಯಾಚೆಯಿಂದ ಗೊರಕೆ ಶುರುವಾಯಿತು.