ಸೊಪ್ಪಿನ ನೆಪದ ನಡಿಗೆ

ಬಚ್ಚಲ ಮೂಲೆಗೆ ಇರುವೆ ಹತ್ತಿದ್ದನ್ನು ಕಂಡು ಅಮ್ಮ ಎರಡು ದಿನ ಬೂದಿ ಎರಚಿದಳು, ಮೂರನೆಯ ದಿನ ಅರಿಶಿನ. ಈ ಇರುವೆಗಳು ಎಲ್ಲ ಬಿಟ್ಟು ಅಲ್ಲಿಗೇ ಯಾಕೆ ಬರುತ್ತಿವೆ ಎಂದು ಯೋಚಿಸುವ ಬುದ್ಧಿ ನಮ್ಮ ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ಮಳೆಗಾಲದಲ್ಲಿ ಅವಳ ಕಾಲ್ಬೆರಳಿಗೆ ಇಂಬಳ ಕಚ್ಚಿ ರಕ್ತ ಹೀರಿತ್ತು. ತುರಿಸಿ ತುರಿಸಿ ಗಾಯವಾಗಿ, ದೀಪಾವಳಿ ಬಂದರೂ ಅದು ಮಾಯಲಿಲ್ಲ. ಆಗ ಅಪ್ಪ ಅವಳನ್ನು ಸಕಲೇಶಪುರದ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅಪ್ಪ ಬೆಳಗೋಡಿನ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅದಕ್ಕೆ ಮೊದಲು ನಾವು ಕುಂದೂರಿನ ಕಡೆಯ ಊರಿನಲ್ಲಿದ್ದೆವು. ಅಲ್ಲಿ ಅಮ್ಮ ಭತ್ತ ಕುಟ್ಟಿದ್ದಾಳೆ, ಬಾವಿಯಿಂದ ನೀರು ಸೇದಿದ್ದಾಳೆ, ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಹಾಕಿದ್ದಾಳೆ. ಎಸ್ಟೇಟಿಗೆ ಬಂದ ಮೇಲೆ ಮನೆ ಬಾಗಿಲಿಗೆ ನಲ್ಲಿ ಬಂತು, ಭತ್ತ ಮಿಲ್ಲಿಗೆ ಹೋಯಿತು, ಕಸ ಮುಸುರೆಗೆ ಕೂಲಿಯವರ ಮನೆಗಳ ಲೈನಿನಿಂದ ಒಬ್ಬ ಹೆಂಗಸು ಬಂದಳು. ಅಮ್ಮ ‘ರೈಟರಮ್ಮ’ ಆದಳು. ನಾಲ್ಕೈದು ವರ್ಷದಲ್ಲಿ ಚೆನ್ನಾಗಿ ದಪ್ಪಗಾದಳು. ಊರಿಂದ ಬಂದವರೆಲ್ಲ ‘ಮೈ ಕೈ ತುಂಬ್ಕೊಂಡೌಳೆ, ಸುಖವಾಗೌಳೆ’ ಎಂದು ಹೊಗಳಿ ಹೋಗುತ್ತಿದ್ದರು. ನಮಗೂ ಅದು ಹೆಮ್ಮೆಯ ವಿಷಯವೇ ಆಗಿತ್ತು.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. “ಸಕ್ಕರೆ ಕಾಯಿಲೆ. ಬೆಲ್ಲ ಬಿಡಿ, ಅನ್ನ ಕಡಿಮೆ ಮಾಡಿ. ಗಾಯಕ್ಕೆ ಕಟ್ಟು ಹಾಕಿ, ಮೆತ್ತಗಿನ ಬೂಟು ಹಾಕ್ಕೊಂಡು ದಿನಾ ನಾಲ್ಕು ಮೈಲಿ ನಡೀರಿ. ಎರಡು ತಿಂಗಳು ನೋಡೋಣ. ಸಕ್ಕರೆ ಇಳೀಲಿಲ್ಲ ಅಂದ್ರೆ ಹಾಸನಕ್ಕೆ ಕಳಿಸ್ತೀನಿ, ಅಲ್ಲಿ ಬೆರಳು ತೆಗೀತಾರೆ” ಎಂದರು. ಗಾಯವಾಗಿದ್ದದ್ದು ಹೆಬ್ಬೆರಳ ಪಕ್ಕದ ಬೆರಳಿಗೆ. ಅಮ್ಮ ತಲೆ ತಗ್ಗಿಸಿ ಅದನ್ನೇ ನೋಡುತ್ತ, “ತೆಗೆದ್ಬುಟ್ರೆ ಕಾಲುಂಗುರ ಎಲ್ಲಿಗ್ ಹಾಕ್ಕೊಳ್ಲಿ?” ಎಂದು ಕೇಳಿದಳು. ಅಪ್ಪನ ಮುಖ ಬಿಳಿಚಿಕೊಂಡಿತು. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವ ಮಾತು ಅವನಿಗೆ ತನ್ನ ಸಾವಿನ ಮಾತಿನಂತೆಯೇ ಕೇಳಿಸಿತ್ತು.

ಮೊದಲ ದಿನ ಅಮ್ಮ ಅಪ್ಪನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಸೀರೆಯನ್ನು ಅದರ ಮೇಲೆ ಇಳಿಬಿಟ್ಟುಕೊಂಡು ಹೊರಟಳು. ಲೈನಿನ ಮುಂದೆ ಹೋಗುವಾಗ ಒಬ್ಬಳು, “ಎಲ್ಲಿಗ್ರವ್ವಾ?” ಎಂದಳು. “ಎಲ್ಲಿಗೂ ಇಲ್ಲ ಕಣೆ, ಸುಮ್ನೆ” ಎಂದಳು ಅಮ್ಮ. ನಮ್ಮ ಕಡೆ ಹೆಂಗಸರು ಸುಮ್ಮನೆ ನಡೆಯುವುದಿಲ್ಲ. ಗದ್ದೆಗೆ ನಡೆಯುತ್ತಾರೆ, ಸೌದೆಗೆ ನಡೆಯುತ್ತಾರೆ, ಬಾಣಂತಿ ನೋಡಲು ನಡೆಯುತ್ತಾರೆ. ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ನಡೆಯುವ ಹೆಂಗಸಿಗೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲ ಮನೆಯಲ್ಲಿ ಜಗಳವಾಗಿರಬೇಕು. ಸಂಜೆಯ ಹೊತ್ತಿಗೆ ರೈಟರು ಹೆಂಡತಿಗೆ ಹೊಡೆದರಂತೆ ಎಂಬ ಸುದ್ದಿ ಎಸ್ಟೇಟೆಲ್ಲ ಹಬ್ಬಿತ್ತು. ಎರಡನೆಯ ದಿನ ಕಾಫಿ ವ್ಯಾಪಾರದ ಸಾಹೇಬರೊಬ್ಬರು ದಾರಿಯಲ್ಲಿ ಜೀಪು ನಿಲ್ಲಿಸಿ, “ಇದೇನಮ್ಮ, ನಡ್ಕೊಂಡ್ ಹೊರಟ್ರಿ? ಹತ್ತಿ, ಬೆಳಗೋಡಿಗೆ ಬಿಡ್ತೀನಿ” ಎಂದರು. ಒಳ್ಳೆಯ ಮನುಷ್ಯ. ಬೇಡವೆನ್ನಲು ಬಾಯಿ ಬಾರದೆ ಅಮ್ಮ ಹತ್ತಿ ಕೂತಳು. ಬೆಳಗೋಡಿನಲ್ಲಿ ಇಳಿದು, ಮಾಡಲು ಏನೂ ಕೆಲಸವಿಲ್ಲದೆ, ಬಸ್ಸಿಗೆ ಕಾದು ವಾಪಸು ಬಂದಳು. ನಡೆದದ್ದು ಅರ್ಧ ಫರ್ಲಾಂಗೂ ಇರಲಿಕ್ಕಿಲ್ಲ.

“ನಾಳೆಯಿಂದ ಬೇಡ,” ಎಂದ ಅಪ್ಪ. “ನಂಗೂ ಮರ್ಯಾದೆ ಐತೆ. ಔಸ್ದಿ ನಾನ್ ಮಾಡ್ಕೊಡ್ತೀನಿ.”

ಔಷಧಿ ಎಂದರೆ ಒಬ್ಬ ನಾಟಿ ವೈದ್ಯ ಹೇಳಿಕೊಟ್ಟ ಪುಡಿ. ನೇರಳೆ ಬೀಜ, ಮೆಂತ್ಯ, ಅದರ ಜೊತೆಗೆ ಮಧುನಾಶಿನಿ ಸೊಪ್ಪು. ಬೀಜ ಮೆಂತ್ಯ ಕುಟ್ಟಿಟ್ಟುಕೊಂಡರೆ ಆಯಿತು, ಸೊಪ್ಪು ಮಾತ್ರ ದಿನಾ ಬೆಳಗ್ಗೆ ಹೊಸದಾಗಿ ಕಿತ್ತು ಅರೆದು ಪುಡಿಗೆ ಕಲಸಬೇಕು. ಆ ಬಳ್ಳಿ ನಮ್ಮ ತೋಟದಲ್ಲಿರಲಿಲ್ಲ. ಎರಡು ಮೈಲಿ ದೂರದಲ್ಲಿ, ಕೆರೆ ಏರಿ ದಾಟಿದರೆ ಸಿಗುವ ಒಣ ಕುರುಚಲಿನಲ್ಲಿತ್ತು. ಅಪ್ಪ ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ಕಿತ್ತು ತರುತ್ತಿದ್ದ. ಕುಡಿಯುವ ನೀರನ್ನೂ ತಾನಾಗಿ ಬಗ್ಗಿಸಿಕೊಳ್ಳದ ಗಂಡಸು, ಒರಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಅರೆದು, ಉಂಡೆ ಮಾಡಿ, “ತಗೊಳೆ” ಎಂದು ಅವಳ ಕೈಗಿಡುತ್ತಿದ್ದ. ಅವನ ಬಾಯಿಂದ ಪ್ರೀತಿಯ ಮಾತು ನಾನು ಕೇಳಿದವಳಲ್ಲ. ಆ ಉಂಡೆಯೇ ಅದು ಎಂದು ನನಗೆ ಆಗಲೇ ಅನ್ನಿಸಿತ್ತು.

ಉಚ್ಚೆ ಪರೀಕ್ಷೆ ನನ್ನ ಪಾಲಿಗೆ ಬಂತು. ಹೈಸ್ಕೂಲಿನಲ್ಲಿ ವಿಜ್ಞಾನ ಓದುತ್ತಿದ್ದೇನೆಂಬ ಒಂದೇ ಅರ್ಹತೆ. ಡಾಕ್ಟರು ಒಂದು ಸೀಸೆ ನೀಲಿ ನೀರು, ಒಂದು ಗಾಜಿನ ಕೊಳವೆ, ಒಂದು ಸ್ಪಿರಿಟ್ ದೀಪ ಕೊಟ್ಟಿದ್ದರು. ನೀಲಿ ನೀರಿಗೆ ಎಂಟು ತೊಟ್ಟು ಉಚ್ಚೆ ಬಿಟ್ಟು ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ತೀರಾ ಜಾಸ್ತಿ. ಬಚ್ಚಲಿಗೆ ಇರುವೆ ಯಾಕೆ ಹತ್ತಿತ್ತೆಂದು ಆಗ ಗೊತ್ತಾಯಿತು. ಬಣ್ಣವನ್ನು ದಿನಾ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದೆ. ಮೊದಲ ಇಪ್ಪತ್ತೈದು ದಿನವೂ ಕೆಂಪು. ಅಮ್ಮ ಆ ಕಹಿಯನ್ನು ಮುಖ ಕಿವುಚದೆ ನುಂಗುತ್ತಿದ್ದಳು, ಬೆಲ್ಲ ಮುಟ್ಟುತ್ತಿರಲಿಲ್ಲ, ಮಿಕ್ಕ ಹೊತ್ತು ಕೂತೇ ಇರುತ್ತಿದ್ದಳು. ಪುಡಿ ತಿನ್ನುವವಳು ಕೂತಿದ್ದರೆ ಪುಡಿ ಮಾಡುವವನು ದಿನಾ ನಾಲ್ಕು ಮೈಲಿ ನಡೆಯುತ್ತಿದ್ದ. ಡಾಕ್ಟರು ಅಮ್ಮನಿಗೆ ಹೇಳಿದ್ದನ್ನು ಅಪ್ಪ ಚಾಚೂ ತಪ್ಪದೆ ಮಾಡಿ ಇನ್ನಷ್ಟು ಗಟ್ಟಿಮುಟ್ಟಾದ!

ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಯಿತು. ಕೊಯ್ಲಿನ ಕಾಲದಲ್ಲಿ ರೈಟರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಸೊಪ್ಪಿಗೆ ಆಳನ್ನು ಕಳಿಸೋಣವೆಂದರೆ ಎಲ್ಲರೂ ಕೊಯ್ಲಿನಲ್ಲಿ. ಅಪ್ಪ ಚಡಪಡಿಸುವುದನ್ನು ನೋಡಿ ಅಮ್ಮ, “ಬುಡಿ, ನಾನೇ ಕಿತ್ಕೊಂಡ್ ಬತ್ತೀನಿ” ಎಂದಳು. ಔಷಧಿಯ ವಿಷಯವಾದ್ದರಿಂದ ಅವನು ಮರ್ಯಾದೆಯ ಮಾತೆತ್ತಲಿಲ್ಲ.

ಮಾರನೆಯ ದಿನ ಅದೇ ಬೂಟು, ಅದೇ ದಾರಿ. ಕಂಕುಳಲ್ಲಿ ಮಾತ್ರ ಒಂದು ಕುಕ್ಕೆಯಿತ್ತು. “ಎಲ್ಲಿಗ್ರವ್ವಾ?” “ಸೊಪ್ಪಿಗೆ.” ಅಷ್ಟೇ. ಮುಂದೆ ಯಾರೂ ಏನೂ ಕೇಳಲಿಲ್ಲ. ಜೀಪಿನ ಸಾಹೇಬರೂ ಕುಕ್ಕೆ ನೋಡಿ ಕೈಯೆತ್ತಿ ಮುಂದೆ ಹೋದರು. ಶನಿವಾರ ಭಾನುವಾರ ನಾನೂ ಜೊತೆಗೆ ಹೋಗುತ್ತಿದ್ದೆ. ಮೊದಮೊದಲು ಏರಿಯ ಮೇಲೆ ಮೂರು ಕಡೆ ಕೂತು ಏದುಸಿರು ಬಿಡುತ್ತಿದ್ದ ಅಮ್ಮ, ಒಂದು ತಿಂಗಳಾಗುವಷ್ಟರಲ್ಲಿ ನನ್ನನ್ನೇ “ಬಾರೆ ಬೇಗ, ಕಾಲೆಳ್ಕೊಂಡ್ ಬತ್ತಾಳೆ” ಎಂದು ಗದರತೊಡಗಿದಳು. ನಡೆಯತೊಡಗಿದ ಹತ್ತನೆಯ ದಿನಕ್ಕೇ ಕೊಳವೆಯಲ್ಲಿ ಹಳದಿ ಕಂಡಿತ್ತು. ಇಪ್ಪತ್ತೆರಡನೆಯ ದಿನಕ್ಕೆ ಹಸಿರು. ನಾನು ಕೊಳವೆ ಹಿಡಿದುಕೊಂಡೇ ಅಂಗಳಕ್ಕೆ ಓಡಿ ಕುಣಿದುಬಿಟ್ಟೆ. ಗಾಯ ಒಣಗಿ, ಸಂಕ್ರಾಂತಿಗೆ ಅಮ್ಮ ಕಾಲುಂಗುರವನ್ನು ಮತ್ತೆ ಅದೇ ಬೆರಳಿಗೆ ಹಾಕಿಕೊಂಡಳು.

ಡಾಕ್ಟರು ಬೆರಳು ಒತ್ತಿ ನೋಡಿ, “ಭೇಷ್! ಏನು ಮಾಡಿದ್ರಿ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅಪ್ಪನ ಕಡೆ ಕೈ ತೋರಿಸಿ, “ಎಲ್ಲಾ ಇವರ್ ಅರೆದ್ಕೊಟ್ಟ ಪುಡಿ ಕಣ್ರೀ” ಎಂದಳು. ಅಪ್ಪ ಪೇಟ ಸರಿಮಾಡಿಕೊಂಡ. ಡಾಕ್ಟರು ನಕ್ಕು, “ಸೊಪ್ಪೂ ಒಂದಿಷ್ಟು ಮಾಡಿರ್ಬೋದು, ಇಲ್ಲ ಅನ್ನಲ್ಲ. ನಡೆಯೋದನ್ನ ಮಾತ್ರ ಬಿಡ್ಬೇಡಿ” ಎಂದರು. ಆ ಕೊನೆಯ ಮಾತು ಅಪ್ಪನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಗಿತ್ತು. ಮನೆಗೆ ಬಂದವಳೇ ಕ್ಯಾಲೆಂಡರ್ ಕಿತ್ತು ಅಮ್ಮನ ಮುಂದೆ ಹಿಡಿದೆ. “ನೋಡು, ಇಷ್ಟು ದಿನ ಪುಡಿ ತಿಂದೆ, ಕೆಂಪು. ನಡೆಯೋಕೆ ಶುರು ಮಾಡಿದ್ಮೇಲೆ ಹಸಿರು. ಪುಡಿ ಅದೇ ಪುಡಿ!” ಎಂದೆ. ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, “ಓದಿರೋಳು ನೀನೊಬ್ಳೇ ಅನ್ಕಂಡಿದೀಯಾ? ನಡೆದ ಕಾಲು ನಂದು, ನಂಗ್ ಗೊತ್ತಿಲ್ವಾ? ಅಷ್ಟ್ ದಿನ ಕತ್ಲಲ್ಲಿ ಎದ್ದು ಅರೆದೌರೆ. ಅವರ್ ಮುಂದೆ ಈ ಮಾತಾಡ್ಬೇಡ” ಎಂದಳು. ನಾನು ಕ್ಯಾಲೆಂಡರನ್ನು ಮಡಚಿಟ್ಟು ಸುಮ್ಮನಾದೆ.

ಆದರೆ ಅಪ್ಪ ಸುಮ್ಮನಾಗುವ ಆಸಾಮಿಯಲ್ಲ. ರೈಟರ ಪುಡಿಯ ಸುದ್ದಿ ಹೋಬಳಿಯೆಲ್ಲ ಹರಡಿತು, ಅದನ್ನು ಹರಡಿದವನೂ ಅವನೇ. ಕುಂದೂರಿನಲ್ಲಿ ಅವನ ಅಕ್ಕ ಇದ್ದಳು, ನನ್ನ ಸೋದರತ್ತೆ. ತಾಯಿಯಿಲ್ಲದ ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳಿಗೂ ಇದೇ ಕಾಯಿಲೆ. ಹಾಸನದ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆ ನುಂಗುತ್ತಿದ್ದಳು. ಆ ಮಾತ್ರೆ ಆಗಿನ್ನೂ ಹೊಸದು. ಅಪ್ಪ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಸೇರಿಸಿ, ಒಂದೊಂದು ಡಬ್ಬ ಪುಡಿಯನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸತೊಡಗಿದ. ಮುಂದಿನ ಯುಗಾದಿಗೆ ಹೋದಾಗ ಅತ್ತೆ ಬಹಳ ಖುಷಿಯಲ್ಲಿದ್ದಳು. “ಮಾತ್ರೆ ಬುಟ್ಬುಟ್ಟೆ ಕಣವ್ವ. ನನ್ ತಮ್ಮನ ಪುಡಿ ಇರೋವಾಗ ಅದ್ಯಾಕೆ? ಹಗ್ಗದ ಮಂಚದ ಮೇಲೆ ಕೂತಿರ್ತೀನಿ, ಹೊತ್ತೊತ್ತಿಗೆ ತಗೊಂತೀನಿ” ಎಂದು ಅಮ್ಮನ ಕೆನ್ನೆ ಸವರಿದಳು.

ಅಮ್ಮ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ. ಅಪ್ಪ ಅಲ್ಲೇ ಜಗಲಿಯ ಮೇಲೆ ಹೋಳಿಗೆ ತಿನ್ನುತ್ತ ಕೂತಿದ್ದ. ಬಸ್ಸಿನಲ್ಲಿ ಬರುವಾಗ ಅಮ್ಮ ಮೆಲ್ಲಗೆ, “ಇನ್ನೊಂದ್ಸಲ ಇವರಿಲ್ದೆ ಇರೋವಾಗ ಬಂದು ಹೇಳ್ಬೇಕು” ಎಂದಳು. ನಾನು ಹೂಂ ಎಂದೆ. ಒಂದು ಕಾಗದ ಬರೆದು ಹಾಕಬಹುದಿತ್ತು. ನನಗೆ ಬರೆಯಲು ಬರುತ್ತಿತ್ತು, ಅತ್ತೆಯ ಮಗನಿಗೆ ಓದಲು ಬರುತ್ತಿತ್ತು. ಇವತ್ತು ಹಾಕೋಣ, ನಾಳೆ ಹಾಕೋಣ ಎಂದು ಹಾಕಲಿಲ್ಲ. ಆ ‘ಇನ್ನೊಂದ್ಸಲ’ವೂ ಬರಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಅತ್ತೆಯನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಆಳು ಬಂದು ಹೇಳಿದ. ಸಕ್ಕರೆ ಏರಿ ಜೋಮು ಹಿಡಿದಿದ್ದ ಅಂಗಾಲಿಗೆ ಮುಳ್ಳು ಚುಚ್ಚಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ನಾವು ಹೋಗುವಷ್ಟರಲ್ಲಿ ಎಡಗಾಲನ್ನು ಪಾದದ ಹರಡಿನಿಂದ ಮೇಲಕ್ಕೆ ಕತ್ತರಿಸಿ ಆಗಿತ್ತು. ಅವಳು ಕಂಬಳಿ ಹೊದ್ದು ಮಲಗಿದ್ದಳು. ಕಂಬಳಿ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಮಂಚಕ್ಕೆ ಅಂಟಿಕೊಂಡಿತ್ತು. ಅಪ್ಪ ಅವಳ ತಲೆದಿಂಬಿನ ಪಕ್ಕ ಕೂತು, ಚಿಕ್ಕ ಹುಡುಗನ ಥರ ಬಿಕ್ಕಿ ಬಿಕ್ಕಿ ಅಳುತ್ತ, “ಪುಡಿ ಸರಿಯಾಗ್ ತಗೊಂಡಿಲ್ಲ ಅನ್ಸುತ್ತೆ ಅಕ್ಕಯ್ಯ. ಇವಳಿಗೆ ವಾಸಿಯಾಗ್ಲಿಲ್ವಾ?” ಎಂದ.

ಅಮ್ಮ ಕಾಲ ಬುಡದಲ್ಲಿ ನಿಂತಿದ್ದಳು. “ಪುಡಿ ಅಲ್ಲ ಕಣ್ರೀ,” ಎಂದಳು. “ನಂಗೆ ವಾಸಿಯಾಗಿದ್ದು ಸೊಪ್ಪಿಗೆ ನಡೆದದ್ರಿಂದ. ನಿಮ್ಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ.”

ಅತ್ತೆ ಕಂಬಳಿಯೊಳಗಿಂದ ಕೈ ಹೊರಗೆ ತೆಗೆದು ಅಮ್ಮನ ಕೈ ಹಿಡಿದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾವು ಹೇಗೋ ತಡೆದುಕೊಳ್ಳುತ್ತಿದ್ದೆವು.

“ಅವನಿಗ್ ಹೇಳೋದ್ ಬ್ಯಾಡ ಬುಡು,” ಎಂದಳು ಅತ್ತೆ. “ನಂಗ್ ಹೇಳ್ಬೋದಿತ್ತಲ್ಲವ್ವ. ನಾನೂ ನಡೀತಿದ್ದೆ.”