ಪ್ಯಾಸೆಂಜರ್ ಹೆಸರು

ಕಪಾಟು ಖಾಲಿ ಮಾಡುವಾಗ ಹಳೆಯ ವಿಮಾನ ಟಿಕೆಟಿನ ಹಾಳೆಯೊಂದು ಸಿಕ್ಕಿತು. ಹಿಂಬದಿಯ ಕೆಂಪು ಕಾರ್ಬನ್ ಬೆರಳಿಗೆ ಹತ್ತಿತು. ಸೆರಗಿಗೆ ಒರೆಸಿಕೊಂಡೆ, ಹೋಗಲಿಲ್ಲ. ಪುಣೆ ಕ್ಯಾಂಪಿನ ಬುಕಿಂಗ್ ಆಫೀಸು, ಅಲ್ಲಿ ಕೌಂಟರಿನ ಹಿಂದೆ ಕೂಡುತ್ತಿದ್ದ ಹೆಂಗಸು, ಎಲ್ಲರೂ ಕರೆಯುತ್ತಿದ್ದಂತೆ ಬಾಯಾರು, ನೆನಪಾದರು...

ಆಗ ತೊಂಬತ್ತರ ದಶಕ. ನಮ್ಮ ಯಜಮಾನರು ಯಂತ್ರ ಕೂಡಿಸಲು ಆಗಾಗ ದಿಲ್ಲಿಗೆ ಹೋಗಬೇಕಿತ್ತು. ಅವರಿಗೆ ಕಾರ್ಖಾನೆ ಬಿಟ್ಟು ಬರಲು ಬಿಡುವಿಲ್ಲ, ಹೀಗಾಗಿ ಟಿಕೆಟ್ ಮಾಡಿಸುವ ಉಸಾಬರಿ ನನ್ನದು.

ಮೊದಲ ಸಲ ಬಾಯಾರು ಮರಾಠಿಯಲ್ಲಿ ಪ್ಯಾಸೆಂಜರ್ ಹೆಸರು ಕೇಳಿದರು. ಬಿಜಾಪುರದಿಂದ ಮದುವೆಯಾಗಿ ಬಂದ ಹೊಸತು; ಗಂಡನ ಹೆಸರನ್ನು ಬಾಯಿಬಿಟ್ಟು ಹೇಗೆ ಹೇಳಲಿ? "ಅಯ್ಯ ದೇವರೇ" ಎಂದು ಗೊಣಗಿದೆ. ಅಷ್ಟು ಕನ್ನಡ ಸಾಕಾಯಿತು.

"ನಮ್ಮ ಕಡಿಯವ್ರೇನ್ರೀ? ಹಂಗಾರ ಒಡಪು ಹಾಕಿ ಹೇಳ್ರಿ. ಹೆಸರಿಲ್ದವ್ರನ್ನ ವಿಮಾನದಾಗ ಹತ್ತಿಸ್ಕೊಳ್ಳೂದಿಲ್ಲ!"

ಮದುವೆಮನೆಯಲ್ಲಿ ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಅದೇ ಒಡಪು. ಏರ್‌ಲೈನ್ ಆಫೀಸಿನಲ್ಲಿ! ಹಿಂದೆ ಸಾಲು ನಿಂತಿತ್ತು. ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ:

"ಬಿಸಿ ರೊಟ್ಟಿಗೆ ಬೆಣ್ಣಿ ಸವರಿಟ್ಟೀನಿ, ...ರಾಯರ ಸೀಟಿಗಾಗಿ ನಿಮ್ಮ ಬಾಗಲಾಗ ನಿಂತೀನಿ."

ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಹಠ ಇನ್ನೂ ಉಳಿದಿದೆ.

ಬಾಯಾರೇನು ದೇವತೆಯಲ್ಲ. ಚಹಾದ ಹೊತ್ತಿಗೆ ಯಾರೇ ಬರಲಿ, ಕಾಯಿಸುತ್ತಿದ್ದರು, ಸಿಡುಕುತ್ತಿದ್ದರು. ಆದರೆ ಬರೆಯುವ ಮೊದಲು ಎದುರಿನವರ ಮುಖ ನೋಡುತ್ತಿದ್ದರು. ನನ್ನನ್ನು ಕಂಡರೆ, "ರಾಯರು ಮತ್ತ ಹೊಂಟ್ರೇನ್ರೀ?" ಎಂದು ನಗುತ್ತಿದ್ದರು.

ಆಮೇಲೆ ಬುಕಿಂಗ್ ಎಲ್ಲ ಇಂಟರ್ನೆಟ್ಟಿಗೆ ಹೋಯಿತು. "ಇನ್ನ ಮ್ಯಾಲೆ ಮನ್ಯಾಗ ಕೂತೇ ಆಗ್ತದ್ರೀ, ಇಲ್ಲಿತನಕ ಬರೂ ತ್ರಾಸ ಇಲ್ಲ," ಎಂದರು ಬಾಯಾರು. ಆ ದಿನ ಮಾತ್ರ ಅವರು ನನ್ನ ಮುಖ ನೋಡಲಿಲ್ಲ. ಮುಂದಿನ ಸಲ ಹೋದಾಗ ಶಟರ್ ಎಳೆದಿತ್ತು.

ಕೆಲವು ವರ್ಷಗಳ ನಂತರ ದಿಲ್ಲಿಯಿಂದ ಫೋನ್ ಬಂತು. ಯಜಮಾನರಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ, ಕೂಡಲೇ ಬನ್ನಿ ಎಂದರು. ಸೈಬರ್ ಕೆಫೆಗೆ ಓಡಿದೆ. ಪ್ಯಾಸೆಂಜರ್ ಹೆಸರು ಎಂದು ಕೇಳಿದ ಕಡೆ ಹೆಸರು ಒತ್ತಿದೆ, ಹಣ ಕಟ್ಟಿದೆ, ಟಿಕೆಟ್ ಬಂತು. ಎಷ್ಟು ಸಲೀಸು!

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲುಗಾರ ಟಿಕೆಟ್ ನೋಡಿದ, ನನ್ನನ್ನು ನೋಡಿದ. ಟಿಕೆಟಿನ ಮೇಲೆ ಯಜಮಾನರ ಹೆಸರಿತ್ತು. ಇಷ್ಟು ವರ್ಷ ಪ್ಯಾಸೆಂಜರ್ ಎಂದರೆ ಅವರೇ ಅಲ್ಲವೇ... ಬಾಯಿಂದ ಬಾರದ ಹೆಸರನ್ನು ಬೆರಳು ತಾನಾಗಿ ಬರೆದಿತ್ತು.

ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಹಾಡು ಕೇಳಿ. ಕೊನೆಗೆ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ, ಹೆಸರು ಬದಲಿಸಲು ಬರುವುದಿಲ್ಲ ಮ್ಯಾಡಮ್, ಇಂದಿನ ಸೀಟುಗಳೆಲ್ಲ ತುಂಬಿವೆ ಎಂದ. ಅತ್ತರೂ ಅಷ್ಟೇ ಮರ್ಯಾದೆಯಿಂದ ಅದನ್ನೇ ಹೇಳಿದ.

ಮರುದಿನದ ವಿಮಾನದಲ್ಲಿ ದಿಲ್ಲಿ ಮುಟ್ಟಿದೆ. ಅವರಿರಲಿಲ್ಲ.

ಈಗ ಮಗಳು ಕೂತಲ್ಲೇ ಮೊಬೈಲಿನಲ್ಲಿ ಟಿಕೆಟ್ ಮಾಡಿಕೊಡುತ್ತಾಳೆ. ಯಾರೂ ಸಿಡುಕುವುದಿಲ್ಲ, ಕಾಯಿಸುವುದಿಲ್ಲ. ನನಗೇ ಎಲ್ಲಿಗೂ ಹೋಗುವ ಮನಸ್ಸಿಲ್ಲ, ಸಾಕಾಗಿದೆ. ಬಾಯಾರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಅಂದು ಕೌಂಟರಿನಲ್ಲಿ ಅವರಿದ್ದರೂ ಯಜಮಾನರು ಉಳಿಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಬಾಯಾರು ಪೆನ್ನು ನಿಲ್ಲಿಸಿ ಗದರಿಸುತ್ತಿದ್ದರು: "ರಾಯರು ದಿಲ್ಲ್ಯಾಗ ಅದಾರಂದ್ರಿ. ಹೊಂಟವರು ನೀವಲ್ಲೇನ್ರೀ?"

ಅಷ್ಟು ಕೇಳಿದ್ದರೆ ಸಾಕಿತ್ತು. ಯಜಮಾನರ ಕೈ ಬೆಚ್ಚಗಿದ್ದಾಗಲೇ ಹಿಡಿದಿರುತ್ತಿದ್ದೆ.